ಸೋತವರು ಊರು ಕೊಡಬೇಕು

ದೀಪ ಆರಿಹೋದಾಗ ಮಾತ್ರ ಮನೆಯ ಮಂದಿ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆಂಬುದು ವಿಚಿತ್ರವಾದರೂ ನಿಜವಾದ ಮಾತು. ದಾಂಡೇಲಿಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಈ ಯೋಗ ಆಗಾಗ ಒದಗಿ ಬರುತ್ತದೆ. ಎಲ್ಲಿಯೋ ಕಾಡಿನ ನಡುವೆ ಮರವೊಂದು ತಂತಿಯ ಮೇಲೆ ಒರಗುತ್ತದೆ. ಊರಿಗೆ ಊರೇ ಕಪ್ಪಾಗುತ್ತದೆ. ನಾಡಿನ ಅದೆಷ್ಟೋ ಊರುಗಳಿಗೆ ಬೆಳಕನ್ನು ಕಳುಹಿಸುವ ಕಾಳಿ ನದಿ ಮಗ್ಗುಲಲ್ಲೇ ಹರಿಯುತ್ತಿರುವಾಗ ಹೀಗಾಗುವುದನ್ನು ಕಂಡರೆ, ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಕಟ್ಟಿದವನು ಈ ಕಡೆಯವನೇ ಇರಬೇಕೆಂದು ತೋರುತ್ತದೆ.

ಪೇಪರ್ ಮಿಲ್ಲಿನ ನೌಕರರೊಬ್ಬರ ಮನೆಯಲ್ಲಿ ಅಂಥದೊಂದು ಸಂಜೆ. ಹೊರಗೆ ಹಂಚಿನ ಮೇಲೆ ಮಳೆಯ ಸದ್ದು. ಒಳಗೆ ಒಲೆಯ ಮೇಲೆ ಸುಡುತ್ತಿರುವ ಹಲಸಿನ ಹಪ್ಪಳದ ಪರಿಮಳ. ಹದಿನಾಲ್ಕು ವರ್ಷದ ಮೊಮ್ಮಗ ತನ್ನ ತಂದೆಯ ಮೊಬೈಲಿನ ಕೊನೆಯ ಉಸಿರು ಇರುವವರೆಗೆ ಅದರೊಡನೆ ಆಡಿ, ಅದೂ ಕಣ್ಣು ಮುಚ್ಚಿದ ಮೇಲೆ ದಿಕ್ಕು ತೋಚದೆ ಕುಳಿತಿದ್ದಾನೆ. ಒಂಬತ್ತು ವರ್ಷದ ಮೊಮ್ಮಗಳು ಮೇಣದ ಬತ್ತಿಯ ಜ್ವಾಲೆಗೆ ಬೆರಳು ತಾಗಿಸಿ ತೆಗೆಯುವ ಧೈರ್ಯಪರೀಕ್ಷೆಯಲ್ಲಿದ್ದಾಳೆ. ಇವರಿಬ್ಬರಿಗೂ 'ಆಯಿ'ಯಾದ, ಎಂಬತ್ತರ ಸಮೀಪದ ವೃದ್ಧೆಯೊಬ್ಬರು ಗೋಡೆಗೆ ಒರಗಿ ಕುಳಿತು, ಯಾರನ್ನೂ ಉದ್ದೇಶಿಸದೆ, ಗಾಳಿಗೆ ಹೇಳುವಂತೆ ಒಂದು ಮಾತು ಹೇಳುತ್ತಾರೆ:

"ಕಾಡಿನಾಗ ಹುಟ್ಟತೈತಿ, ಕಡಾಯ್ಯಾಗ ಬೇಯತೈತಿ, ನಾಲಗಿ ಇಲ್ದ ಮಾತಾಡತೈತಿ. ಏನದು?"

"ಕಾಗದ!" ಎಂದು ಎರಡು ಕಂಠಗಳು ಒಟ್ಟಿಗೆ ಕೂಗುತ್ತವೆ. ಬೆಂಗಳೂರಿನ ಹುಡುಗರಾಗಿದ್ದರೆ ಸ್ವಲ್ಪ ತಡವರಿಸುತ್ತಿದ್ದರೇನೋ. ಕಾಗದವೆಂಬುದು ಅಂಗಡಿಯಲ್ಲಿ ಹುಟ್ಟುವುದಲ್ಲ, ಕಾಡಿನಲ್ಲಿ ಹುಟ್ಟಿ ಬೆಂದು ಬರುವುದೆಂಬುದು 1955ರಲ್ಲಿ ಪೇಪರ್ ಮಿಲ್ ಸ್ಥಾಪನೆಯಾದಂದಿನಿಂದ ದಾಂಡೇಲಿಯ ಮಕ್ಕಳಿಗೆ ಮೂಗಿನಿಂದಲೇ ತಿಳಿದ ಸಂಗತಿ.

ಆಟ ಹೀಗೆ ಮೊದಲಾಗುತ್ತದೆ. ಆ ಮನೆಯಲ್ಲಿ ಅದಕ್ಕೊಂದು ಕಾಯಿದೆಯೂ ಉಂಟು. ಒಗಟನ್ನು ಬಿಡಿಸಲಾರದವರು "ಸೋತೆ" ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಗೆದ್ದವರಿಗೆ ಒಂದು ಊರು ಕೊಡಬೇಕು. ಎಂಥ ಊರೆಂದರೆ ಅಂಥ ಊರಲ್ಲ, ಗೆದ್ದವರು ಬಾಯಿಬಿಟ್ಟು ಕೇಳಿದ ಊರು. ಊರು ಕೈಸೇರಿದ ಮೇಲೆಯೇ ಉತ್ತರ ಹೊರಬೀಳುವುದು. ಹಿಂದೆ ಇದು ಬಾಯಿಮಾತಿನ ದಾನವಾಗಿತ್ತು. ಮೊಮ್ಮಗಳು ಓದು ಬರಹ ಕಲಿತ ಮೇಲೆ ಲೆಕ್ಕಪತ್ರ ಬಿಗಿಯಾಯಿತು. ಹಳೆಯ ನೋಟುಬುಕ್ಕೊಂದರಲ್ಲಿ ಗೆರೆ ಎಳೆದು, ಊರಿನ ಹೆಸರು, ತಾಲ್ಲೂಕು, ಜಿಲ್ಲೆ, ಕೊಟ್ಟವರು, ಪಡೆದವರು ಎಂದು ಐದು ಅಂಕಣಗಳನ್ನು ಮಾಡಿಕೊಂಡು ಅವಳೇ ಶಾನುಭೋಗಿಕೆಯನ್ನು ನಡೆಸುತ್ತಿದ್ದಾಳೆ. ಆ ದಾಖಲೆಯ ಪ್ರಕಾರ ಕಾರವಾರ ಅಣ್ಣನದು. ಧಾರವಾಡವನ್ನು ತಂದೆ ಎರಡು ಸಲ ಇಬ್ಬರಿಗೆ ಕೊಟ್ಟಿರುವುದರಿಂದ ಅದರ ಮೇಲೆ ತಕರಾರು ಇದೆ. ಐಸ್‌ಕ್ರೀಮಿನ ಆಸೆಯಿಂದ ಕೇಳಿ ಪಡೆದ ಹುಬ್ಬಳ್ಳಿ ಮಾತ್ರ ನಿರ್ವಿವಾದವಾಗಿ ಅವಳದೇ.

ಆಯಿ ಮತ್ತೊಂದು ಒಡ್ಡುತ್ತಾರೆ. ಮನೆಯೊಳಗೇ ಗರಗರ ತಿರುಗುತ್ತದೆ, ಹೊಸಿಲು ದಾಟುವುದಿಲ್ಲ. ದಿನವೂ ತಿನ್ನುತ್ತದೆ, ಹೊಟ್ಟೆಯಿಲ್ಲ. "ಮಿಕ್ಸರ್!" ಎನ್ನುತ್ತಾಳೆ ಮೊಮ್ಮಗಳು. ಆಯಿಯ ಮನಸ್ಸಿನಲ್ಲಿದ್ದದ್ದು ಬೀಸುವ ಕಲ್ಲು. ಇಲ್ಲಿ ಒಂದು ನ್ಯಾಯಪಂಚಾಯಿತಿಯೇ ನಡೆಯುತ್ತದೆ. ಹುಡುಗಿಯ ವಾದದಲ್ಲಿ ತಪ್ಪಿಲ್ಲ. ಮಿಕ್ಸರು ತಿರುಗುತ್ತದೆ, ತಿನ್ನುತ್ತದೆ, ಹೊಸಿಲು ದಾಟುವುದಿಲ್ಲ. ಬೀಸುವ ಕಲ್ಲನ್ನು ಅವಳು ಕಂಡಿರುವುದು ಹಿತ್ತಲಲ್ಲಿ, ತುಳಸಿಯ ಕುಂಡಕ್ಕೆ ಆಧಾರವಾಗಿ ಮಾತ್ರ. ಕೊನೆಗೆ ಆಯಿ ಸೋಲೊಪ್ಪುತ್ತಾರೆ. "ತಗೋ, ಯಲ್ಲಾಪುರ ತಗೋ" ಎನ್ನುತ್ತಾರೆ. ಒಗಟು ಹಳೆಯದಾದರೂ ಉತ್ತರ ಹೊಸದಾಗಬಹುದೆಂಬುದನ್ನು ಒಪ್ಪಿಕೊಳ್ಳುವಷ್ಟು ಉದಾರತೆ ವಿದ್ವಾಂಸರಲ್ಲೂ ಅಪರೂಪ.

ಮೊಮ್ಮಗನದು ಬೇರೆಯ ದಾರಿ. ಅವನಿಗೆ ಲೆಕ್ಕದ ವಾಸನೆಯಿಲ್ಲದ ಒಗಟು ರುಚಿಸುವುದಿಲ್ಲ. ಹೊಳೆ ದಾಟಬೇಕಾದವನೊಬ್ಬನ ಬಳಿ ಹುಲಿ, ಹಸು, ಹುಲ್ಲಿನ ಹೊರೆ ಮೂರೂ ಇವೆ; ದೋಣಿಯಲ್ಲಿ ತನ್ನೊಡನೆ ಒಂದನ್ನು ಮಾತ್ರ ಒಯ್ಯಬಲ್ಲ; ಹುಲಿಯೊಡನೆ ಹಸುವನ್ನೂ ಹಸುವಿನೊಡನೆ ಹುಲ್ಲನ್ನೂ ಬಿಡುವಂತಿಲ್ಲ; ಹೇಗೆ ದಾಟಿಸುವುದು? ಎಂಟನೆಯ ಶತಮಾನದ ಅಲ್ಕ್ಯುಯಿನ್ ಎಂಬ ಪಾಶ್ಚಾತ್ಯ ಪಂಡಿತನ ಹೆಸರಿನಲ್ಲಿ ನಡೆದುಬಂದ ಲೆಕ್ಕಗಳ ಸಂಗ್ರಹವೊಂದರಲ್ಲಿ ಈ ಸಮಸ್ಯೆ ತೋಳ, ಮೇಕೆ, ಕೋಸುಗಡ್ಡೆಗಳ ವೇಷದಲ್ಲಿ ಇದೆ. ಅದಕ್ಕೆ ಬಹಳ ದೂರವಲ್ಲದ ಕಾಲದಲ್ಲಿಯೇ, 850ರ ಸುಮಾರಿಗೆ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಬರೆದು, ಪ್ರಣಯಕಲಹದಲ್ಲಿ ಹರಿದು ಚೆಲ್ಲಿದ ಮುತ್ತಿನ ಹಾರದಲ್ಲಿ ಒಟ್ಟು ಎಷ್ಟು ಮುತ್ತುಗಳಿದ್ದುವೆಂದು ಓದುಗರನ್ನು ಕೇಳಿದನು. ಅತ್ತ ಗಡ್ಡೆಕೋಸನ್ನು ದಾಟಿಸುವ ಚಿಂತೆ, ಇತ್ತ ಮುತ್ತನ್ನು ಎಣಿಸುವ ಚಿಂತೆ; ಕನ್ನಡ ನಾಡಿನ ಗಣಿತಜ್ಞನ ರಸಿಕತೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಆಯಿಗೆ ಅಲ್ಕ್ಯುಯಿನ್ ಗೊತ್ತಿಲ್ಲ. ಅವರು ಸಮಸ್ಯೆಯನ್ನು ಪೂರ್ತಿಯಾಗಿ ಕೇಳಿ, "ಹುಲಿಗೆ ಆಚೀ ದಂಡಿಗೆ ಏನು ಕೆಲಸ ಐತೋ ತಮ್ಮಾ? ಅದನ್ನ ಕಾಡಿಗೆ ಬಿಟ್ಟು ಹಸಾನೂ ಹುಲ್ಲನ್ನೂ ದಾಟಿಸಿದರ ಆತಲ್ಲ" ಎಂದುಬಿಡುತ್ತಾರೆ. ಮೊಮ್ಮಗ ಹಣೆ ಬಡಿದುಕೊಳ್ಳುತ್ತಾನೆ. ಊರಿನ ಅಂಚಿನಿಂದಲೇ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಮೊದಲಾಗುವ ಸೀಮೆಯಲ್ಲಿ ಇದಕ್ಕಿಂತ ವಿವೇಕದ ಉತ್ತರವನ್ನು ಅರಣ್ಯ ಇಲಾಖೆಯವರೂ ಹೇಳಲಾರರು.

ಸೊಸೆ ಹಪ್ಪಳದ ತಟ್ಟೆಯೊಡನೆ ಬಂದು ಕೂರುತ್ತಾಳೆ. ಅವಳ ತವರು ಮುಂಡಗೋಡ. ವಾರಪತ್ರಿಕೆಯ ಪದಬಂಧ ಅವಳ ಪಾಲಿನದು. ಮದುವೆಯಾಗಿ ಬಂದ ಹೊಸತರಲ್ಲಿ ಗಂಡನು ಅವಳಿಗಿಂತ ಮೊದಲೇ ಪೆನ್ನಿನಿಂದ ತಪ್ಪು ಉತ್ತರಗಳನ್ನು ತುಂಬಿಬಿಡುತ್ತಿದ್ದನೆಂದು ಎರಡು ದಿನ ಮಾತು ಬಿಟ್ಟಿದ್ದಳೆಂಬುದು ಆ ಮನೆಯ ಇತಿಹಾಸ. 1913ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಎಂಬಾತ ಮೊದಲ ಬಾರಿ ಅಚ್ಚು ಹಾಕಿಸಿದ ಆ ಆಟ ಕನ್ನಡಕ್ಕೆ ಬಂದಾಗ ಎಷ್ಟು ಚೆಲುವಾಗಿ ಬದಲಾಯಿತೆಂಬುದನ್ನು ಗಮನಿಸಬೇಕು. ಅಲ್ಲಿ ಒಂದು ಮನೆಗೆ ಒಂದೇ ಒಂಟಿ ಅಕ್ಷರ. ಇಲ್ಲಿ ಕಾಗುಣಿತ ಒತ್ತಕ್ಷರಗಳ ಸಮೇತ ಇಡೀ ಕುಟುಂಬವೇ ಒಂದು ಮನೆಯಲ್ಲಿ ಹಿಡಿಸುತ್ತದೆ. ಆದರೆ ಪದಬಂಧದಲ್ಲಿ ಒಂದು ಸುಖವಿದೆ, ಅದೇ ಅದರ ಕೊರತೆಯೂ ಹೌದು: ಉತ್ತರ ಮುಂದಿನ ವಾರ ತಾನಾಗಿ ಬಂದೇ ಬರುತ್ತದೆ. ಆಯಿಯ ಒಗಟುಗಳಿಗೆ ಮುಂದಿನ ಸಂಚಿಕೆ ಇಲ್ಲ.

ಸೊಸೆ ಒಗಟು ಹೇಳುವಾಗ ಎದ್ದು ನಿಂತು, ಪ್ರಶ್ನೆಯ ಕೊನೆಗೆ ಒಂದು ಕಾಲನ್ನು ಮುಂದಿಟ್ಟು ಚಪ್ಪಾಳೆ ತಟ್ಟುತ್ತಾಳೆ. ಮಕ್ಕಳಿಗೆ ಇದು ಪರಮಪ್ರಿಯ. ಇದನ್ನು ಅವಳು ಕಲಿತದ್ದು ಟಿಬೇಟಿನ ಭಿಕ್ಷುಗಳನ್ನು ನೋಡಿ. 1966ರಲ್ಲಿ ಮುಂಡಗೋಡದ ಬಳಿ ಟಿಬೇಟಿಯನ್ನರ ವಸತಿ ನೆಲೆಗೊಂಡಿತು. ಗಾಂದೆನ್, ಡ್ರೆಪುಂಗ್ ಎಂಬ ಅವರ ಪ್ರಾಚೀನ ವಿಹಾರಗಳು ಅಲ್ಲಿ ಮತ್ತೆ ತಲೆಯೆತ್ತಿದುವು. ವಿಹಾರದ ಅಂಗಳದಲ್ಲಿ ಉತ್ತರ ಕೊಡುವವನು ನೆಲದ ಮೇಲೆ ಕೂರುತ್ತಾನೆ, ಪ್ರಶ್ನಿಸುವವನು ನಿಲ್ಲುತ್ತಾನೆ. ಒಂದೊಂದು ಪ್ರಶ್ನೆಗೂ ಕೈ ಬೀಸಿ ಚಪ್ಪಾಳೆ. ಕುಳಿತವನು ಉದ್ದುದ್ದ ಭಾಷಣ ಮಾಡುವಂತಿಲ್ಲ, 'ಒಪ್ಪಿದೆ', 'ಏಕೆ?', 'ಕಾರಣ ಸಿದ್ಧವಾಗಿಲ್ಲ' ಎಂಬಂಥ ಗೊತ್ತಾದ ಕೆಲವೇ ಮಾತುಗಳಲ್ಲಿ ತನ್ನ ಮತವನ್ನು ಕಾಯಬೇಕು. ಅದು ತರ್ಕ, ಒಗಟಲ್ಲ. ಆದರೂ ಮಾತಿನ ಕುಸ್ತಿಯೆಂಬುದು ಆ ನೆಲಕ್ಕೆ ಹೊಸದೇನೂ ಅಲ್ಲ. ಮುಂಡಗೋಡದ ಗಡಿಯಾಚೆಯ ಶಿಗ್ಗಾವಿ ತಾಲ್ಲೂಕಿನ ಬಾಡ ಮುಂಡಿಗೆಗಳನ್ನು ಕಟ್ಟಿದ ಕನಕದಾಸರ ಊರು. ಅದೇ ತಾಲ್ಲೂಕಿನ ಶಿಶುನಾಳದಲ್ಲಿಯೇ ಶರೀಫಸಾಹೇಬರು ಕಣ್ಣೆದುರಿನ ಸಾಮಾನುಗಳನ್ನೇ ಒಗಟು ಮಾಡಿ ಹಾಡಿದ್ದು. ಎತ್ತರದ ಬೆಟ್ಟದ ನಾಡಿನಿಂದ ನಿರಾಶ್ರಿತರಾಗಿ ಬಂದವರು ಪ್ರಶ್ನೋತ್ತರಗಳ ಅಂಗಳವನ್ನು ಹೂಡುವುದಕ್ಕೆ ಇದಕ್ಕಿಂತ ತಕ್ಕ ನೆರೆಯನ್ನು ಹುಡುಕಿದ್ದರೂ ಸಿಗುತ್ತಿರಲಿಲ್ಲ.

ಆಯಿಯ ಭಂಡಾರ ಎಲ್ಲಿಂದ ಕೂಡಿಬಂದದ್ದೆಂದರೆ ಅದಕ್ಕೆ ಒಂದು ದಾರಿಯಿಲ್ಲ. ಮದುವೆಯಾಗಿ ಅವರು ಸೇರಿದ್ದು ಹಳಿಯಾಳವನ್ನು. ಅಲ್ಲಿ ಅಂಗಳದಲ್ಲಿ ಕನ್ನಡ, ಬೇಲಿಯಾಚೆ ಮರಾಠಿ, ಸಂತೆಯಲ್ಲಿ ಕೊಂಕಣಿ, ಉರ್ದು. ಬೆಳಿಗ್ಗೆ ಹಾಲು ಹಾಕಲು ಬರುವ ಗೌಳಿ ಹೆಂಗಸು ಹಾಲಿನೊಡನೆ ಒಂದು 'ಉಖಾಣಾ' ಬಿಟ್ಟುಹೋಗುವಳು. ಮರುದಿನ ಹಾಲಿನ ಹೊತ್ತಿಗೆ ಉತ್ತರ ಸಿದ್ಧವಾಗಿರಬೇಕು. ಇನ್ನು ಮಾಘ ಮಾಸ ಬಂದರೆ ಧಾರವಾಡ ಬೆಳಗಾವಿ ಸೀಮೆಯ ಚಕ್ಕಡಿಗಳು ಸಾಲುಗಟ್ಟಿ ಉಳವಿಯ ಜಾತ್ರೆಗೆ ಹೊರಡುವುವು. ಜೋಯಿಡಾ ತಾಲ್ಲೂಕಿನ ಆ ದಟ್ಟ ಕಾಡಿನ ಊರಿನಲ್ಲಿ ಚನ್ನಬಸವಣ್ಣನವರ ಸಮಾಧಿಯಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಕದಡಿದ ಮೇಲೆ ಶರಣರು ವಚನಗಳ ಕಟ್ಟುಗಳೊಡನೆ ಅಲ್ಲಿಗೆ ಬಂದರೆಂಬುದು ಪರಂಪರೆಯ ನಂಬಿಕೆ. ಆ ಕಟ್ಟುಗಳಲ್ಲಿ ಅಲ್ಲಮನ ಬೆಡಗಿನ ವಚನಗಳೂ ಇದ್ದಿರಬೇಕಲ್ಲ! ಟೀಕೆಯಿಲ್ಲದೆ ಬಾಗಿಲು ತೆರೆಯದ ಆ ಮಾತುಗಳಿಗೆ ಮುಂದಿನವರು ಟೀಕೆ ಬರೆಯುತ್ತ ಹೋದರು. ಚಕ್ಕಡಿಯ ಪಯಣಿಗರಿಗೆ ಬೆಡಗೂ ಟೀಕೆಯೂ ಬೇಕಿರಲಿಲ್ಲ. ರಾತ್ರಿ ಎಚ್ಚರವಾಗಿರಲು ಒಗಟು ಬೇಕಿತ್ತು. ಹಿಂದಿನ ಚಕ್ಕಡಿಯವರು ಕೇಳಿದ್ದಕ್ಕೆ ಮುಂದಿನ ಚಕ್ಕಡಿಯವರು ಉತ್ತರ ಕೂಗುವರು. ಹಾಗೆ ಕಲಿತವು ಆಯಿಯ ಬಳಿ ಹತ್ತಾರು ಇವೆ. ಒಂದೆರಡಕ್ಕೆ ಉತ್ತರ ಕೇಳಿಸುವ ಮೊದಲೇ ಮುಂದಿನ ಚಕ್ಕಡಿ ದೂರ ಹೋಗಿಬಿಟ್ಟಿತೆಂದು ಅವರು ಇಂದಿಗೂ ಮರುಗುತ್ತಾರೆ.

ಒಗಟನ್ನು 'ಬಿಡಿಸುವುದು' ಎನ್ನುತ್ತದೆ ಕನ್ನಡ. ಈ ಕ್ರಿಯಾಪದದ ಸೊಗಸನ್ನು ಒಂದು ಗಳಿಗೆ ನಿಂತು ನೋಡಬೇಕು. ಹಲಸಿನ ಹಣ್ಣನ್ನೂ ಬಿಡಿಸುತ್ತಾರೆ, ಗಂಟನ್ನೂ ಬಿಡಿಸುತ್ತಾರೆ, ಜಗಳವನ್ನೂ ಬಿಡಿಸುತ್ತಾರೆ, ಸೆರೆಯಲ್ಲಿದ್ದವರನ್ನೂ ಬಿಡಿಸುತ್ತಾರೆ. ಹಾಗಾದರೆ ಒಗಟಿನೊಳಗೆ ಇರುವುದು ಹಣ್ಣೋ, ಗಂಟೋ, ಸೆರೆಯಾಳೋ?

ಅಲಂಕಾರಿಕನಾದ ದಂಡಿ 'ಕಾವ್ಯಾದರ್ಶ'ದಲ್ಲಿ ಪ್ರಹೇಲಿಕೆಗಳನ್ನು ಹದಿನಾರು ಬಗೆಯಾಗಿ ವಿಂಗಡಿಸಿ, ಅವುಗಳಿಂದ ಆಗುವ ಪ್ರಯೋಜನ ಮೂರೆಂದು ಹೇಳಿದ್ದಾನೆ: ಗೋಷ್ಠಿಯಲ್ಲಿ ವಿನೋದ, ಜನಸಂದಣಿಯ ನಡುವೆ ಬಲ್ಲವರೊಡನೆ ಗುಟ್ಟಿನ ಮಾತು, ಮತ್ತೊಬ್ಬರನ್ನು ತಬ್ಬಿಬ್ಬುಗೊಳಿಸುವುದು. ಮೂರಕ್ಕೂ ಉದಾಹರಣೆ ಈ ಸೀಮೆಯಲ್ಲೇ ದೊರೆಯುತ್ತದೆ. ಬಯಲುಸೀಮೆಯ ದನದ ಸಂತೆಯಲ್ಲಿ ದಲಾಲಿಯು ಟವೆಲಿನ ಮರೆಯಲ್ಲಿ ಕೊಳ್ಳುವವನ ಬೆರಳುಗಳನ್ನು ಹಿಚುಕಿ ದರ ತಿಳಿಸುತ್ತಾನೆ. ಸುತ್ತ ನೂರು ಕಣ್ಣುಗಳಿದ್ದರೂ ಎತ್ತಿನ ಬೆಲೆ ಇಬ್ಬರಿಗೇ ಗೊತ್ತು. ಮಕ್ಕಳಿಗೂ ಇಂಥದೊಂದು ಟವೆಲು ಇದೆ. ಅಕ್ಷರ ಅಕ್ಷರಕ್ಕೂ ಮುಂದೆ 'ಕ' ಸೇರಿಸುವ ಭಾಷೆ ಅದು. ಆ ಸಂಜೆ ಮೊಮ್ಮಗ ತಂಗಿಯ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ಕಆ ಕಯಿ ಕಗ ಕಗೊ ಕತ್ತಿ ಕಲ್ಲ" ಎಂದನು. ಆಯಿಗೆ ಗೊತ್ತಿಲ್ಲ ಎಂದು ಅದರ ಅರ್ಥ. ಆಯಿ ಹಪ್ಪಳ ಮುರಿಯುತ್ತ, ತಲೆಯೆತ್ತದೆಯೆ, "ಕನ ಕನ ಕಗ ಕಗೊ ಕತ್ತು" ಎಂದರು. ಅಷ್ಟೇ ಅಲ್ಲ, ಹಳಿಯಾಳದ ಮರಾಠಿ ಹುಡುಗಿಯರ 'ಚ' ಭಾಷೆಯೂ ತಮಗೆ ಬರುತ್ತದೆಂದು ಸೇರಿಸಿದರು. ಗುಪ್ತಲಿಪಿಗಳು ಬಹುಮಟ್ಟಿಗೆ ಹೀಗೆಯೇ ಬಯಲಾಗುವುದು. ತನ್ನ ಬೀಗದ ಕೈ ಇನ್ನಾರ ಬಳಿಯೂ ಇಲ್ಲವೆಂಬುದು ಬೀಗ ಹಾಕಿದವನ ನಂಬಿಕೆ ಮಾತ್ರ.

ದಂಡಿ ಹೇಳದೆ ಬಿಟ್ಟ ನಾಲ್ಕನೆಯ ಪ್ರಯೋಜನವೊಂದುಂಟು. ಆಡಬಾರದೆಂದು ಕಟ್ಟಾದ ಮಾತನ್ನು ಆಡುವುದಕ್ಕೆ ಒಗಟು ಬೇಕಾಗುತ್ತದೆ. ಇದನ್ನು ತಿಳಿಯಲು ಪಂಡಿತರ ಬಳಿಗಲ್ಲ, ಉತ್ತರ ಕರ್ನಾಟಕದ ಮದುವೆಮನೆಗೆ ಹೋಗಬೇಕು. ಗಂಡನ ಹೆಸರನ್ನು ಹೆಂಡತಿ ಉಚ್ಚರಿಸಬಾರದೆಂಬುದು ಹಿಂದಿನವರ ಕಟ್ಟಳೆ. ಆದರೆ ಮದುವೆಯಲ್ಲಿ, ಸೀಮಂತದಲ್ಲಿ, ಹೊಸಿಲ ಬಳಿ ತಡೆದು ನಿಲ್ಲಿಸಿ, "ಹೆಸರು ಹೇಳಿ ಒಳಗ ಬಾ" ಎಂದು ಪೀಡಿಸುವುದೂ ಅದೇ ಹಿಂದಿನವರ ಸಂಪ್ರದಾಯ! ಆಗ ಹೆಣ್ಣು ಒಂದು ಪ್ರಾಸದ ಮಾತನ್ನು ಹೆಣೆದು, ಅದರ ಮಡಿಕೆಯಲ್ಲಿ ಗಂಡನ ಹೆಸರನ್ನು ಇಟ್ಟು, ಸರಕ್ಕನೆ ಹೇಳಿ ಒಳಗೆ ಓಡಬೇಕು. ಅದಕ್ಕೆ 'ಒಡಪು' ಎನ್ನುತ್ತಾರೆ. ಒಗಟಿಗೂ ಒಡಪು ಎಂಬ ಹೆಸರುಂಟು. ಇನ್ನೂ ಸೋಜಿಗವೆಂದರೆ ಬೇಲಿಯಾಚೆಯ ಮರಾಠಿಯಲ್ಲಿಯೂ 'ಉಖಾಣಾ' ಎಂದರೆ ಒಗಟೂ ಹೌದು, ಗಂಡನ ಹೆಸರು ಹೇಳುವ ಪದ್ಯವೂ ಹೌದು. ಎರಡು ಭಾಷೆಗಳು ತಮ್ಮ ತಮ್ಮ ಅಡುಗೆಮನೆಗಳಲ್ಲಿ ಕುಳಿತು ಒಂದೇ ತೀರ್ಮಾನಕ್ಕೆ ಬಂದಿವೆ. ಒಡಪಿನ ಉತ್ತರವನ್ನು ಅರಿಯದವರು ಆ ಮನೆಯಲ್ಲಿ ಒಬ್ಬರೂ ಇರುವುದಿಲ್ಲ. ಆದರೂ ಕೇಳಲು ಎಲ್ಲರೂ ಬಾಗಿಲಿಗೆ ಮುತ್ತಿರುತ್ತಾರೆ. ತಿಳಿಯುವುದಕ್ಕಲ್ಲ, ಅವಳ ಬಾಯಿಂದ ಕೇಳುವುದಕ್ಕೆ.

ಆಯಿಯ ತವರು ಜೋಯಿಡಾ ಕಡೆಯದು, ಎರಡು ಹೊಳೆಗಳು ಕೂಡುವ ಊರು. ಅವರು ಹಳಿಯಾಳದ ಹೊಸಿಲಲ್ಲಿ ನಿಂತು ಹೇಳಿದ ಒಡಪಿನಲ್ಲಿ ಆ ಎರಡು ಹೊಳೆಗಳೂ ಇದ್ದುವು, ನಡುವೆ ಗಂಡನ ಹೆಸರಿತ್ತು. ಒಂದೇ ಉಸಿರಿನಲ್ಲಿ ತವರೂ ಗಂಡನೂ ಬರುವಂತೆ ಕಟ್ಟಿದ ಆ ಒಡಪು ಹಳಿಯಾಳದಲ್ಲಿ ಒಂದೆರಡು ವರ್ಷ ಹೆಂಗಸರ ಬಾಯಲ್ಲಿ ಓಡಾಡಿತಂತೆ. ಮುಂದೆ ಎಷ್ಟೋ ಮದುವೆಗಳಲ್ಲಿ ಅದನ್ನು ಅವರಿಂದ ಕೇಳಿ ಹೇಳಿಸಿದರು. ಒಡಪು ಬಿಟ್ಟರೆ ಬೇರೆ ಯಾವಾಗಲೂ ಅವರು ಆ ಹೆಸರನ್ನು ನುಡಿದವರಲ್ಲ. "ಇವರು", "ಮನೆಯವರು", ಅಗತ್ಯ ಬಿದ್ದರೆ ಮಗನ ಹೆಸರು ಹಿಡಿದು "ಇವನ ಅಪ್ಪ".

ಒಮ್ಮೆ ಕಚೇರಿಯೊಂದರಲ್ಲಿ ಕಾರ್ಡು ಮಾಡಿಸುವಾಗ ಗುಮಾಸ್ತನು ಗಂಡನ ಹೆಸರು ಕೇಳಿದನು. ಆಯಿ ಸೆರಗು ಸರಿಮಾಡಿಕೊಂಡು, "ಬೆಟ್ಟದರಾಜನ ಮಗಳನ್ನ ಮಾಡ್ಕೊಂಡವರು" ಎಂದರು. ಅಂದಿನ ಕಚೇರಿಗಳಲ್ಲಿ ಇದು ದಿನವೂ ನಡೆಯುವ ಸಂಗತಿ; ಗುಮಾಸ್ತರು ಅರ್ಧ ಪುರಾಣಿಕರೇ ಆಗಿರಬೇಕಿತ್ತು. ಆತ 'ಶಿವ' ಎಂದು ಸರಿಯಾಗಿಯೇ ತಿಳಿದನು. ಆದರೆ ಶಿವನಿಗಿರುವ ಹೆಸರುಗಳಲ್ಲಿ ತನಗೆ ಇಷ್ಟವಾದ ಒಂದನ್ನು ಬರೆದುಕೊಂಡುಬಿಟ್ಟನು. ಸಹಸ್ರನಾಮವುಳ್ಳ ದೇವರ ಹೆಸರನ್ನು ಗಂಡನು ಇಟ್ಟುಕೊಂಡಿದ್ದರೆ ಈ ಅಪಾಯ ತಪ್ಪಿದ್ದಲ್ಲ. ಓದಲು ಬಾರದ ಆಯಿ ಕಾರ್ಡನ್ನು ಪೆಟ್ಟಿಗೆಯಲ್ಲಿಟ್ಟರು. ಯಜಮಾನರು ತಪ್ಪನ್ನು ಕಂಡು ನಕ್ಕು, "ಇರಲಿ, ಎಲ್ಲಾ ಅವನ ಹೆಸರs" ಎಂದು ಸುಮ್ಮನಾದರು.

ವರ್ಷಗಳು ಕಳೆದು ಯಜಮಾನರು ತೀರಿಹೋದ ಮೇಲೆ ಹೊಲದ ವಾರಸಾ ಮಾಡಿಸಬೇಕಾಗಿ ಬಂದಾಗ ಆ ನಗು ಭಾರವಾಯಿತು. ಪಹಣಿಯಲ್ಲಿ ಒಂದು ಹೆಸರು, ಕಾರ್ಡಿನಲ್ಲಿ ಮತ್ತೊಂದು. ಆಯಿ ಮಗನೊಡನೆ ಹೋಗಿ ಮೇಜಿನೆದುರು ನಿಂತರು. ಮಗ ಹೇಳಹೊರಟರೆ ಮೇಜಿನಾಚೆಯವರು ಕೈ ಅಡ್ಡ ಮಾಡಿ, "ಅವರs ಹೇಳಬೇಕು" ಎಂದರು. ಆಯಿ ಬಹಳ ಹೊತ್ತು ನಿಂತಿದ್ದರಂತೆ. ಹಿಂದಿನ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಆಮೇಲೆ ಆಯಿ ಗಂಡನ ಹೆಸರನ್ನು ಹೇಳಿದರು. ಹಿಂದೆ ಹೊಳೆಯಿಲ್ಲ, ಮುಂದೆ ಪ್ರಾಸವಿಲ್ಲ, ಬರಿಯ ಹೆಸರು. ಮೇಜಿನಾಚೆಯವರಿಗೆ ಸರಿಯಾಗಿ ಕೇಳಿಸಲಿಲ್ಲವಾದ್ದರಿಂದ ಮತ್ತೊಮ್ಮೆ ಹೇಳಬೇಕಾಯಿತು. ಮನೆಗೆ ಬಂದು ಅವರು ಅಂದು ಊಟ ಮಾಡಲಿಲ್ಲವೆಂಬುದನ್ನು ಸೊಸೆ ಮಕ್ಕಳಿಗೆ ಹೇಳಿಲ್ಲ. ಅನಂತರ ಯಾವ ಮದುವೆಯಲ್ಲಿಯೂ ಆಯಿಯನ್ನು ಒಡಪು ಹೇಳೆಂದು ಯಾರೂ ಕೇಳಲಿಲ್ಲ. ಕೇಳುವುದು ಮುತ್ತೈದೆಯರನ್ನು. ಹೊಳೆ ಕೂಡುವ ಆ ಒಡಪು ಅಲ್ಲಿಗೆ ನಿಂತಿತು.

ಮಳೆ ಇನ್ನೂ ಬಿಟ್ಟಿರಲಿಲ್ಲ. ಮೇಣದ ಬತ್ತಿ ಅರ್ಧವಾಗಿತ್ತು. ಮಗನೂ ಪಾಳಿ ಮುಗಿಸಿ ಬಂದು, ಒದ್ದೆ ತಲೆಯನ್ನು ಒರೆಸಿಕೊಂಡು ಆಟಕ್ಕೆ ಕುಳಿತಿದ್ದನು. ಹಾವೇರಿ, ಶಿರಸಿ, ಗೋಕರ್ಣಗಳು ಕೈ ಬದಲಾಯಿಸಿದ್ದುವು. ಮೊಮ್ಮಗಳು ಆಕಳಿಸಿ, "ಆಯೀ, ಕಡೀದು ಒಂದು ಹೇಳು. ಯಾರಿಗೂ ಬರಬಾರದು, ಅಂಥಾದ್ದು" ಎಂದಳು. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು:

"ಹೆಸರು ನೀರಿನ ಮ್ಯಾಲ, ಮೈ ನೀರಿನ ಬುಡಕ. ನೋಡಾಕಂತ ಎಲ್ಲಾರೂ ಹೋಗ್ತಾರ, ಉಂಡು ಬಂದವರು ಒಬ್ಬರೂ ಇಲ್ಲ. ಏನದು?"

"ಮೊಸಳಿ!" ಎಂದಳು ಮೊಮ್ಮಗಳು ತಟ್ಟನೆ. ಕಾಳಿಯ ಮೊಸಳೆಗಳನ್ನು ನೋಡಲು ಪ್ರವಾಸಿಗರು ಬರುವ ಊರಿನಲ್ಲಿ ಇದು ಸಹಜ. ಉಂಡು ಬಂದವರಿಲ್ಲ ಎಂಬುದಕ್ಕೂ ಅವಳ ಬಳಿ ಸಮಾಧಾನವಿತ್ತು: ಉಣ್ಣುವುದು ಮೊಸಳೆ. ಎಲ್ಲರೂ ನಕ್ಕರು, ಆದರೆ ಆಯಿ ತಲೆಯಾಡಿಸಿದರು. ತಾವರೆ ಎಂದಳು ಸೊಸೆ. ಅದೂ ಅಲ್ಲ. ಹಿಮದ ಗುಡ್ಡ ಎಂದನು ಮೊಮ್ಮಗ. ಹಡಗನ್ನು ಒಡೆದ ಹಿಮದ ಗುಡ್ಡದ ಚಿತ್ರ ಅವನು ನೋಡಿದ್ದನು. ಅಲ್ಲವೆಂದರು ಆಯಿ. ಮಗನೊಬ್ಬನೇ ಏನೂ ಹೇಳಲಿಲ್ಲ. ಉತ್ತರ ಮೊದಲೇ ಬಲ್ಲವರು ಬಾಯಿಬಿಡಬಾರದೆಂಬುದೂ ಆ ಮನೆಯ ಕಾಯಿದೆಯೇ. ಅವನು ಟವೆಲನ್ನು ಮಡಿಸಿ ಮತ್ತೆ ಬಿಚ್ಚಿ ಮಡಿಸುತ್ತಿದ್ದನು.

"ಸೋತೆ" ಎಂದನು ಮೊಮ್ಮಗ ಎಲ್ಲರ ಪರವಾಗಿ. "ಯಾವ ಊರು ಬೇಕು ಕೇಳು."

"ಸೂಪಾ ಕೊಡು" ಎಂದರು ಆಯಿ.

"ಕೊಟ್ಟೆ. ಈಗ ಉತ್ತರ ಹೇಳು."

"ಹೇಳಿದೆನಲ್ಲ."

ಹುಡುಗ ಒಂದು ಗಳಿಗೆ ತಬ್ಬಿಬ್ಬಾದನು. "ಅದು ಡ್ಯಾಮಲ್ಲ, ಆಯೀ? ಊರೆಲ್ಲಿ ಐತಿ?" ಎಂದಳು ಮೊಮ್ಮಗಳು.

ಊರಿತ್ತು. ಕಾಳಿಯೂ ಪಾಂಡರಿಯೂ ಕೂಡುವಲ್ಲಿ ಸೂಪಾ ಇತ್ತು. ತಾಲ್ಲೂಕಿಗೆಲ್ಲ ಅದೇ ಮುಖ್ಯ ಪಟ್ಟಣವಾಗಿತ್ತು. ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು 1980ರ ದಶಕದಲ್ಲಿ ನೀರು ನಿಂತಾಗ ಅದರ ಬೀದಿಗಳೂ ಮನೆಗಳೂ ಒಳಗೆ ಹೋದುವು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದುವು. ಬಹಳ ಮಂದಿ ರಾಮನಗರದಲ್ಲಿ ಹೊಸದಾಗಿ ಮನೆ ಹೂಡಿದರು, ಆಯಿಯ ಅಣ್ಣನ ಮನೆಯವರೂ ಅಲ್ಲಿಗೇ ಹೋದರು. ಹೆಸರು ಮಾತ್ರ ಅಣೆಕಟ್ಟಿಗೆ ಉಳಿಯಿತು. ಶಾಲೆಯ ಪ್ರವಾಸದಲ್ಲಿ ಮೊಮ್ಮಕ್ಕಳಿಬ್ಬರೂ ಸೂಪಾಕ್ಕೆ ಹೋಗಿ, ನೀರಿನ ಎದುರು ಸಾಲಾಗಿ ನಿಂತು ಚಿತ್ರ ತೆಗೆಸಿಕೊಂಡು ಬಂದಿದ್ದಾರೆ. ಆ ಚಿತ್ರ ಅದೇ ಗೋಡೆಯ ಮೇಲೆ, ಆಯಿ ಒರಗಿ ಕುಳಿತ ಜಾಗದ ನೆತ್ತಿಗೆ ಸರಿಯಾಗಿ ತೂಗುತ್ತಿದೆ. ಅದು ಆಯಿಯ ತವರಿನ ಚಿತ್ರವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬಾರದೆಂದೇನೂ ಅಲ್ಲ, ಮಕ್ಕಳು ಕೇಳಿರಲಿಲ್ಲ, ದೊಡ್ಡವರಿಗೆ ಅದು ಹೇಳಬೇಕಾದ ವಿಷಯವೆಂದು ತೋರಿರಲಿಲ್ಲ.

"ಅಲ್ಲಿ ಅಜ್ಜನ ಮನಿ ಮುಂದ ಒಂದು ದೊಡ್ಡ ಹುಣಸಿಮರ ಇತ್ತು" ಎಂದನು ಮಗ, ಮೊದಲ ಬಾರಿಗೆ ಬಾಯಿಬಿಟ್ಟು. "ಸೂಟಿಗೆ ಹೋದರ ನಾವು ಅದರ ಕೆಳಗs ಇರ್ತಿದ್ವಿ."

"ಹುಣಸಿ ಅಲ್ಲ, ಮಾವು" ಎಂದರು ಆಯಿ.

"ಹುಣಸಿ ಅವ್ವಾ. ನನಗ ಚಲೋ ನೆನಪೈತಿ."

"ಹುಟ್ಟಿ ಬೆಳೆದಾಕಿ ನಾನೋ, ನೀನೋ?"

ಈ ವ್ಯಾಜ್ಯವನ್ನು ತೀರಿಸುವ ಸಾಕ್ಷಿ ಹತ್ತಾರು ಆಳು ನೀರಿನ ಕೆಳಗಿದ್ದುದರಿಂದ ಅದು ಬೇಗ ಮುಗಿಯುವಂತಿರಲಿಲ್ಲ. ಅದರ ನಡುವೆಯೇ ಫಕ್ಕನೆ ದೀಪ ಬಂದಿತು. ಎಲ್ಲರೂ ಕಣ್ಣು ಕಿರಿದುಗೊಳಿಸಿದರು. ಮೊಮ್ಮಗಳು ಎದ್ದು ನೋಟುಬುಕ್ಕನ್ನು ತಂದು, ನೆಲದ ಮೇಲೆ ಬೋರಲಾಗಿ ಮಲಗಿ, ಪೆನ್ಸಿಲಿನ ತುದಿಯನ್ನು ನಾಲಗೆಗೆ ತಾಗಿಸಿಕೊಂಡು ಊರಿನ ಅಂಕಣದಲ್ಲಿ ಸೂಪಾ ಎಂದು ಬರೆದಳು. ಕೊಟ್ಟವರು ಅಣ್ಣ, ಪಡೆದವರು ಆಯಿ.

"ತಾಲ್ಲೂಕು ಯಾವುದು ಬರೀಲಿ, ಆಯೀ? ಜೋಯಿಡಾ?"

"ತಾಲ್ಲೂಕೂ ಸೂಪಾನs" ಎಂದರು ಆಯಿ. "ಬರಿ."

ಅವಳು ಹಾಗೆಯೇ ಬರೆದಳು.